ಒಬಿಎಸ್ ಸ್ಟುಡಿಯೋ: ಆನ್‌ಲೈನ್ ಸಭೆಯಲ್ಲಿ ಶಾಸನದ ಚಿತ್ರ ತೋರಿಸಲು ಐದು ವರ್ಷ ಬಳಸಿದ ಮೇಲೆ

ನಮ್ಮದು ಶಾಸನ ಓದುವವರ ಸಣ್ಣ ಗುಂಪು. ಹದಿನೈದು ದಿನಕ್ಕೊಮ್ಮೆ ಶನಿವಾರ ಸಂಜೆ ಆನ್‌ಲೈನ್‌ನಲ್ಲಿ ಸೇರುತ್ತೇವೆ. ಹಾಸನ, ಶಿವಮೊಗ್ಗ, ಧಾರವಾಡದ ಕಡೆಯವರು ಇದ್ದಾರೆ. ಇಬ್ಬರು ಅಮೆರಿಕದಲ್ಲಿದ್ದಾರೆ, ಅವರಿಗೆ ಅದು ಬೆಳಗಿನ ಕಾಫಿ ಹೊತ್ತು. ಪ್ರತಿ ಸಲ ಒಬ್ಬರು ಒಂದು ಕಲ್ಲಿನ ಫೋಟೋ ಅಥವಾ ಪಡಿಯಚ್ಚು (ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಅಕ್ಷರಗಳ ಅಚ್ಚು) ತರುತ್ತಾರೆ. ಎಲ್ಲರೂ ಸೇರಿ ಸಾಲು ಸಾಲಾಗಿ ಓದುತ್ತೇವೆ. ಚಿತ್ರ ತೋರಿಸುವ ಕೆಲಸ 2020ರಿಂದ ನನ್ನದು.

ಚಿತ್ರ ಸರಿಯಾಗಿ ಕಾಣದಿದ್ದರೆ ನಮ್ಮ ಸಭೆಗೆ ಅರ್ಥವೇ ಇಲ್ಲ. ಸವೆದ ಕಲ್ಲಿನ ಮೇಲೆ ಇದು ಪ, ಇದು ವ ಅಂತ ಹೇಳಬೇಕಾದರೆ ಒಂದು ಸಣ್ಣ ಗೀರು ಕಾಣಬೇಕು. ಅದು ನನ್ನ ಲ್ಯಾಪ್‌ಟಾಪಿನಲ್ಲಿ ಕಂಡರೆ ಸಾಲದು. ಹಳ್ಳಿಮನೆಯ ಜಗಲಿಯಲ್ಲಿ ಮೊಬೈಲ್ ಹಿಡಿದು ಕೂತವರಿಗೂ ಕಾಣಬೇಕು. ಒಬಿಎಸ್ ಸ್ಟುಡಿಯೋ ಅಂದರೆ ಫೋಟೋ, ಕ್ಯಾಮೆರಾ, ಬರಹ ಎಲ್ಲವನ್ನೂ ಒಂದೇ ಪರದೆಯಲ್ಲಿ ಜೋಡಿಸಿ ತೋರಿಸುವ ಕಂಪ್ಯೂಟರ್ ತಂತ್ರಾಂಶ. ಅದನ್ನು ನಾನು ಅಳೆಯುವುದು ಇದೊಂದರಿಂದಲೇ.

ಮೊದಲ ಕೆಲವು ತಿಂಗಳು ಸಭೆಯ ಆ್ಯಪ್‌ನಲ್ಲೇ ಇರುವ ಸ್ಕ್ರೀನ್ ಶೇರ್ ಒತ್ತಿ ಫೋಟೋ ತೋರಿಸುತ್ತಿದ್ದೆ. ಇಡೀ ಪರದೆ ಕೊಟ್ಟರೆ ಮೇಲ್ ಬಂದ ಸೂಚನೆಯೂ ಎಲ್ಲರಿಗೂ ಕಾಣುತ್ತಿತ್ತು. ಒಂದು ಕಿಟಕಿ ಮಾತ್ರ ಕೊಟ್ಟರೆ, ಇನ್ನೊಂದು ಚಿತ್ರಕ್ಕೆ ಹೋಗಲು ನಿಲ್ಲಿಸಿ ಮತ್ತೆ ಶುರು ಮಾಡಬೇಕಿತ್ತು. ಅಷ್ಟರಲ್ಲಿ ಮಾತಿನ ಎಳೆ ತಪ್ಪುತ್ತಿತ್ತು. ನಮ್ಮ ಗುಂಪಿನ ಹಿರಿಯ ಮೇಷ್ಟ್ರು ಒಂದು ದಿನ ಬೇಸರದಿಂದಲೇ ಹೇಳಿದರು: "ಮೇಡಂ, ಕಲ್ಲು ಕಾಣ್ತಿದೆ. ಅಕ್ಷರ ಕಾಣ್ತಿಲ್ಲ." ಆ ಮಾತು ನನಗೆ ನಾಟಿತು. ಬೇರೆ ದಾರಿ ಹುಡುಕಲು ಶುರು ಮಾಡಿದ್ದು ಅವತ್ತಿನಿಂದ.

ಒಬಿಎಸ್ ಹುಟ್ಟಿದ್ದು 2012ರಲ್ಲಿ. ಹ್ಯೂ ಬೈಲಿ ಎಂಬ ಪ್ರೋಗ್ರಾಮರ್ ಶುರು ಮಾಡಿದ್ದು. ಆಟ ಆಡುತ್ತಾ ಅದನ್ನು ನೇರಪ್ರಸಾರ ಮಾಡುವವರ ನಡುವೆ ಮೊದಲು ಹೆಸರಾಯಿತು. ನಮ್ಮಂಥವರಿಗೆ ಇದು ಕೆಲಸಕ್ಕೆ ಬಂದಿದ್ದು 2020ರಲ್ಲಿ. ಆ ವರ್ಷದ 26ನೇ ಆವೃತ್ತಿಯಲ್ಲಿ ವಿಂಡೋಸ್‌ಗೆ ವರ್ಚುಯಲ್ ಕ್ಯಾಮೆರಾ ಒಳಗೇ ಬಂತು. ವರ್ಷದ ಕೊನೆಗೆ ಮ್ಯಾಕ್ ಮತ್ತು ಲಿನಕ್ಸ್‌ಗೂ ಬಂತು. ಅಂದರೆ ಒಬಿಎಸ್‌ನಲ್ಲಿ ನೀವು ಜೋಡಿಸಿಟ್ಟ ಚಿತ್ರವನ್ನು ಸಭೆಯ ಆ್ಯಪ್ ಒಂದು ಕ್ಯಾಮೆರಾ ಅಂತಲೇ ತಿಳಿದುಕೊಳ್ಳುತ್ತದೆ. ದುಡ್ಡು ಕೊಡಬೇಕಾಗಿಲ್ಲ, ಖಾತೆ ತೆರೆಯಬೇಕಾಗಿಲ್ಲ, ಚಿತ್ರದ ಮೂಲೆಯಲ್ಲಿ ಅವರ ಗುರುತು ಬೀಳುವುದಿಲ್ಲ. ಇದು ಮುಕ್ತ ತಂತ್ರಾಂಶ.

ಮೊದಲ ಸಲ ತೆರೆದಾಗ ಯಾರಿಗಾದರೂ ಗಾಬರಿ ಆಗುತ್ತದೆ. ಕಪ್ಪು ಪರದೆ, ಕೆಳಗೆ ಏನೇನೋ ಪಟ್ಟಿಗಳು. ಆದರೆ ಅರ್ಥ ಮಾಡಿಕೊಳ್ಳಬೇಕಾದ್ದು ಎರಡೇ ಪದ: ಸೀನ್ ಮತ್ತು ಸೋರ್ಸ್. ಸೀನ್ ಅಂದರೆ ರಂಗ. ಸೋರ್ಸ್ ಅಂದರೆ ಆ ರಂಗದ ಮೇಲೆ ಇಡುವ ವಸ್ತು. ಒಂದು ಫೋಟೋ, ಕ್ಯಾಮೆರಾದಲ್ಲಿ ಬರುವ ನಿಮ್ಮ ಮುಖ, ಒಂದು ಸಾಲು ಬರಹ, ಇವೆಲ್ಲ ಸೋರ್ಸ್. ಪಟ್ಟಿಯಲ್ಲಿ ಮೇಲಿರುವುದು ಕೆಳಗಿರುವುದನ್ನು ಮುಚ್ಚುತ್ತದೆ. ಇಷ್ಟು ತಲೆಗೆ ಹೋಯಿತು ಅಂದರೆ ಅರ್ಧ ಕೆಲಸ ಮುಗಿದ ಹಾಗೆ.

ನಾನು ಪ್ರತಿ ಶಾಸನಕ್ಕೂ ಐದಾರು ಸೀನ್ ಮಾಡುತ್ತೇನೆ. ಮೊದಲನೆಯದರಲ್ಲಿ ಕಲ್ಲು ನಿಂತಿರುವ ಜಾಗ. ಎರಡನೆಯದರಲ್ಲಿ ಇಡೀ ಕಲ್ಲು. ಆಮೇಲೆ ಮೂರೋ ನಾಲ್ಕೋ ಸಾಲುಗಳ ತುಂಡುಗಳು. ಕೊನೆಗೆ ಒಂದು ಕಡೆ ಫೋಟೋ, ಇನ್ನೊಂದು ಕಡೆ ಪಡಿಯಚ್ಚು. ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೋ ಹಾಕಿದರೆ ಪರದೆಯಿಂದ ಹೊರಗೆ ಚಾಚಿಕೊಳ್ಳುತ್ತದೆ. ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಸರಿಯಾಗಿ ಕೂರುತ್ತದೆ. ಆಲ್ಟ್ ಕೀಲಿ ಒತ್ತಿಹಿಡಿದು ಅಂಚನ್ನು ಎಳೆದರೆ ಬೇಡದ ಭಾಗ ಮರೆಯಾಗುತ್ತದೆ, ಮೂಲ ಫೋಟೋಗೆ ಏನೂ ಆಗುವುದಿಲ್ಲ. ದೊಡ್ಡ ಚಿತ್ರ ಕುಗ್ಗಿದಾಗ ಅಕ್ಷರದ ಅಂಚು ಮಂಕಾಗದಿರಲು, ಸೋರ್ಸ್ ಮೇಲೆ ಮೌಸಿನ ಬಲಗುಂಡಿ ಒತ್ತಿ ಸ್ಕೇಲ್ ಫಿಲ್ಟರಿಂಗ್‌ನಲ್ಲಿ ಲ್ಯಾಂಕ್ಜೋಸ್ ಅಂತ ಇಡಿ. ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ತುಂಡು ಮಾಡಿ ತೋರಿಸುವುದನ್ನು ಕಲಿಸಿದ್ದು ಹಲ್ಮಿಡಿ. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಆ ಶಾಸನದಲ್ಲಿ ಇರುವುದು 16 ಸಾಲು. ಹೊಸಬರಿಗಾಗಿ ಒಂದು ಸಂಜೆ ಅದನ್ನೇ ಇಟ್ಟುಕೊಂಡೆವು. ಇಡೀ ಕಲ್ಲನ್ನು ಒಂದೇ ಪರದೆಯಲ್ಲಿ ಇಟ್ಟಾಗ ಮೊಬೈಲ್‌ನಲ್ಲಿ ನೋಡುವವರಿಗೆ ಅಕ್ಷರ ಇರುವೆ ಸಾಲಿನ ಹಾಗೆ ಕಂಡವು. ನಾಲ್ಕು ನಾಲ್ಕು ಸಾಲು ಮಾಡಿದಾಗ ಎಲ್ಲರೂ ಓದಿದರು. ಆವತ್ತಿನಿಂದ ಇನ್ನೊಂದು ಅಭ್ಯಾಸವನ್ನೂ ಇಟ್ಟುಕೊಂಡಿದ್ದೇನೆ. ನನ್ನ ಹಳೆಯ ಮೊಬೈಲ್‌ನಿಂದಲೂ ಸಭೆಗೆ ಸೇರಿ, ಅದನ್ನು ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ, ಮೈಕು ಸ್ಪೀಕರು ಎರಡೂ ಬಂದ್ ಮಾಡಿ. ಆಚೆಯವರಿಗೆ ಏನು ಕಾಣುತ್ತಿದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಈಗ ಒಂದು ಮುಖ್ಯ ವಿಷಯ. ವರ್ಚುಯಲ್ ಕ್ಯಾಮೆರಾವನ್ನು ನಂಬಿ ನಾನು ಒಂದು ವರ್ಷ ಕಳೆದೆ. ಸ್ಥಿರಚಿತ್ರಕ್ಕೆ ಅದು ಸರಿಯಾದ ದಾರಿಯಲ್ಲ. ಕ್ಯಾಮೆರಾ ಅಂದ ಕೂಡಲೇ ಸಭೆಯ ಆ್ಯಪ್ ಅದನ್ನು ಮುಖ ಅಂತ ಭಾವಿಸುತ್ತದೆ. ಅಲುಗಾಟ ನಯವಾಗಿರಲಿ ಅಂತ ಚಿತ್ರವನ್ನು ಹಿಂಡುತ್ತದೆ. ಜನ ಜಾಸ್ತಿ ಆದಷ್ಟೂ, ನೆಟ್ ನಿಧಾನ ಆದಷ್ಟೂ ಇನ್ನೂ ಹಿಂಡುತ್ತದೆ. ಮುಖಕ್ಕೆ ಅದು ಸಾಕು, ಕಲ್ಲಿನ ಗೀರಿಗೆ ಸಾಲದು. ಸ್ಕ್ರೀನ್ ಶೇರ್ ಮಾಡಿದಾಗ ಹಾಗಲ್ಲ. ಅಲ್ಲಿ ಅಕ್ಷರ, ಗೆರೆ ಸ್ಪಷ್ಟವಾಗಿರಬೇಕು ಅನ್ನುವುದಕ್ಕೆ ಮೊದಲ ಮಣೆ.

ಹಾಗಾಗಿ ನಾನು ಈಗ ಎರಡನ್ನೂ ಸೇರಿಸುತ್ತೇನೆ. ಒಬಿಎಸ್‌ನ ಪರದೆ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಪ್ರೊಜೆಕ್ಟರನ್ನು ಬೇರೆ ಕಿಟಕಿಯಲ್ಲಿ ತೆರೆಯುವ ಆಯ್ಕೆ (ಹಳೆಯ ಆವೃತ್ತಿಗಳಲ್ಲಿ ವಿಂಡೋಡ್ ಪ್ರೊಜೆಕ್ಟರ್) ಬರುತ್ತದೆ. ಒತ್ತಿದರೆ ನಿಮ್ಮ ಚಿತ್ರ ಮಾತ್ರ ಇರುವ ಬೇರೆ ಕಿಟಕಿ ತೆರೆಯುತ್ತದೆ. ಸಭೆಯಲ್ಲಿ ಆ ಕಿಟಕಿಯನ್ನು ಶೇರ್ ಮಾಡಿ. ಅಷ್ಟೇ. ಸೂಚನೆಗಳು ಅದರೊಳಗೆ ಬರುವುದಿಲ್ಲ, ಸೀನ್ ಬದಲಿಸಿದರೆ ಚಿತ್ರ ತಾನೇ ಬದಲಾಗುತ್ತದೆ, ಮಧ್ಯೆ ನಿಲ್ಲಿಸಬೇಕಾಗಿಲ್ಲ. ನಿಮ್ಮ ಮುಖ ಮಾಮೂಲಿ ಕ್ಯಾಮೆರಾದಲ್ಲೇ ಇರಲಿ. ಆ ಕಿಟಕಿಯನ್ನು ಆದಷ್ಟು ದೊಡ್ಡದಾಗಿ ಇಡಿ, ಮಿನಿಮೈಜ್ ಮಾತ್ರ ಮಾಡಬೇಡಿ. ಜೂಮ್ ಬಳಸುವವರು ಶೇರ್ ಮಾಡುವಾಗ ವಿಡಿಯೋಗೆ ಹೊಂದಿಸುವ ಗುರುತು ಬಿದ್ದಿದೆಯಾ ಅಂತ ನೋಡಿ, ಬಿದ್ದಿದ್ದರೆ ತೆಗೆಯಿರಿ. ಅದು ಚಲಿಸುವ ಚಿತ್ರಕ್ಕೆ ಇರುವುದು. ಸ್ಥಿರಚಿತ್ರ ಅದರಿಂದ ಮಸುಕಾಗಬಹುದು. ಇದನ್ನೆಲ್ಲ ಮೊದಲೇ ಯಾರಾದರೂ ಹೇಳಿದ್ದರೆ ನನಗೆ ಒಂದು ವರ್ಷ ಉಳಿಯುತ್ತಿತ್ತು, ಅದಕ್ಕೇ ಇಷ್ಟು ವಿವರವಾಗಿ ಬರೆದೆ.

ವರ್ಚುಯಲ್ ಕ್ಯಾಮೆರಾ ಬಳಸಲೇಬೇಕಾದವರಿಗೆ ಒಂದು ಮಾತು. ಸಭೆಯಲ್ಲಿ ನಿಮ್ಮ ಚಿತ್ರ ನಿಮಗೆ ಕನ್ನಡಿಯಲ್ಲಿ ಕಂಡಂತೆ ತಿರುಗಿ ಕಾಣಬಹುದು. ಅಕ್ಷರವೆಲ್ಲ ಉಲ್ಟಾ. ಹಾಗೆ ಕಾಣುವುದು ನಿಮಗೆ ಮಾತ್ರ, ಬೇರೆಯವರಿಗೆ ನೆಟ್ಟಗೇ ಇರುತ್ತದೆ. ನಾನು ಇದು ಗೊತ್ತಿಲ್ಲದೆ ಒಬಿಎಸ್‌ನಲ್ಲಿ ಚಿತ್ರವನ್ನು ತಿರುಗಿಸಿ ಸರಿ ಮಾಡಿದೆ ಅಂದುಕೊಂಡೆ. ಹತ್ತು ನಿಮಿಷ ಎಲ್ಲರೂ ಉಲ್ಟಾ ಶಾಸನ ನೋಡುತ್ತಾ ಕೂತಿದ್ದರು. ಇನ್ನೊಂದು, ಈ ಕ್ಯಾಮೆರಾದಲ್ಲಿ ಚಿತ್ರ ಮಾತ್ರ ಹೋಗುತ್ತದೆ, ಧ್ವನಿ ಹೋಗುವುದಿಲ್ಲ.

ಒಬಿಎಸ್‌ನಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಸ್ಟುಡಿಯೋ ಮೋಡ್. ಪರದೆ ಎರಡಾಗುತ್ತದೆ. ಎಡಗಡೆ ನಾನು ಸಿದ್ಧ ಮಾಡಿಕೊಳ್ಳುವುದು, ಬಲಗಡೆ ಜನ ನೋಡುತ್ತಿರುವುದು. ಯಾರೋ ಏಳನೇ ಸಾಲಿನ ಬಗ್ಗೆ ಕೇಳಿದರೆ ಎಡಗಡೆ ಅದನ್ನು ಹುಡುಕಿ ಹಿಗ್ಗಿಸಿ, ಆಮೇಲೆ ಒಂದು ಗುಂಡಿ ಒತ್ತಿ ಬಲಗಡೆಗೆ ಕಳಿಸುತ್ತೇನೆ. ಪ್ರೊಜೆಕ್ಟರ್ ಕಿಟಕಿಯನ್ನು ಬಲಗಡೆಯ ಪರದೆಯಿಂದ ತೆರೆದಿದ್ದರೆ ನನ್ನ ಹುಡುಕಾಟ ಯಾರ ಕಣ್ಣಿಗೂ ಬೀಳುವುದಿಲ್ಲ. ಎಷ್ಟು ನೆಮ್ಮದಿ ಅಂದರೆ, ಸಭೆ ನಡೆಸುವ ಭಯವೇ ಹೋಯಿತು.

ವೀರಗಲ್ಲು ತೋರಿಸುವಾಗ ಮೂವ್ ಎಂಬ ಪ್ಲಗಿನ್ ತುಂಬಾ ಕೆಲಸಕ್ಕೆ ಬಂತು. ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕು, ಅದಕ್ಕೂ ಕಾಸಿಲ್ಲ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಅಲ್ವಾ? ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಮೂರು ಹಂತಕ್ಕೆ ಮೂರು ಸೀನ್ ಮಾಡಿ ಈ ಪ್ಲಗಿನ್ ಹಾಕಿದರೆ ಚಿತ್ರ ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಜಾರುತ್ತದೆ. ನೋಡುವವರ ಕಣ್ಣು ಕಲ್ಲಿನ ಮೇಲೆಯೇ ಏರುತ್ತಾ ಹೋಗುತ್ತದೆ. ಎಲ್ಲಿದ್ದೇವೆ ಅನ್ನುವ ಗೊಂದಲ ಇರುವುದಿಲ್ಲ.

ಫಿಲ್ಟರ್‌ಗಳ ಬಗ್ಗೆ ಸ್ವಲ್ಪ ಎಚ್ಚರಿಕೆಯಿಂದ ಹೇಳಬೇಕು. ಕಲರ್ ಕರೆಕ್ಷನ್‌ನಲ್ಲಿ ಗಾಮಾ, ಕಾಂಟ್ರಾಸ್ಟ್ ಎಳೆದರೆ ಮಂಕಾದ ಅಕ್ಷರ ಎದ್ದು ಬರುತ್ತದೆ. ಎಲ್ಲರ ಮುಂದೆಯೇ ಎಳೆಯಬಹುದು. ಆದರೆ ಬಿರುಕು ಕೂಡ ಅಕ್ಷರದ ಹಾಗೆ ಎದ್ದು ಬರುತ್ತದೆ. ನಾವು ಒಂದು ಸಲ ಬಿರುಕನ್ನು ಕೊಂಬು ಅಂತ ಓದಿ, ಒಂದು ಹೆಸರನ್ನೇ ತಪ್ಪು ಮಾಡಿದ್ದೆವು. ಅದಕ್ಕೆ ಫಿಲ್ಟರ್ ಹಾಕಿದ ಚಿತ್ರದ ಪಕ್ಕದಲ್ಲಿ ಮೂಲ ಚಿತ್ರವನ್ನು ಇಡುವುದು ನಮ್ಮಲ್ಲಿ ಈಗ ನಿಯಮ. ಯಾವ ಫಿಲ್ಟರ್‌ಗಿಂತಲೂ ಫೋಟೋ ತೆಗೆಯುವಾಗ ಪಕ್ಕದಿಂದ ಟಾರ್ಚ್ ಹಿಡಿಯುವುದೇ ಮೇಲು. ಓರೆ ಬೆಳಕಿಗೆ ಅಕ್ಷರದ ತಗ್ಗಿನಲ್ಲಿ ನೆರಳು ಬೀಳುತ್ತದೆ, ಆ ನೆರಳೇ ಓದಿಸುತ್ತದೆ.

ಇನ್ನು ಕೊರತೆಗಳು. ಚಿತ್ರದ ಮೇಲೆ ಬೆರಳಿಟ್ಟು ತೋರಿಸಲು, ಗೆರೆ ಎಳೆಯಲು ಒಬಿಎಸ್‌ನಲ್ಲಿ ಏನೂ ಇಲ್ಲ. ಶಾಸನ ಓದುವವರಿಗೆ ಇದು ದೊಡ್ಡ ಕೊರತೆ. ಸಭೆಯ ಆ್ಯಪ್‌ನಲ್ಲಿ ಗೆರೆ ಎಳೆಯುವ ಸೌಲಭ್ಯ ಇದ್ದರೆ ಅದನ್ನೇ ಬಳಸುತ್ತೇನೆ. ಇಲ್ಲದಿದ್ದರೆ ಫೋಟೋವನ್ನು ಬೇರೆ ಕಿಟಕಿಯಲ್ಲಿ ತೆರೆದು, ಮೌಸಿನ ಬಾಣದ ಸಮೇತ ಆ ಕಿಟಕಿಯನ್ನು ಸೋರ್ಸ್ ಮಾಡಿಕೊಳ್ಳುತ್ತೇನೆ. ಇಮೇಜ್ ಸೋರ್ಸ್‌ಗೆ ಟಿಫ್ ಫೈಲ್ ಆಗುವುದಿಲ್ಲ. ಪಡಿಯಚ್ಚಿನ ಸ್ಕ್ಯಾನ್‌ಗಳು ಬರುವುದೇ ಟಿಫ್‌ನಲ್ಲಿ. ಹಾಗಾಗಿ ಹಿಂದಿನ ದಿನವೇ ಎಲ್ಲವನ್ನೂ ಪಿಎನ್‌ಜಿ ಮಾಡಿಟ್ಟುಕೊಳ್ಳಬೇಕು. ಲಿನಕ್ಸ್‌ನ ಟೆಕ್ಸ್ಟ್ ಸೋರ್ಸ್‌ನಲ್ಲಿ ಕನ್ನಡದ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ. ಲಿನಕ್ಸ್ ಬಳಸುವ ಗೆಳತಿ ಸಾಲುಗಳನ್ನು ಲಿಬ್ರೆ ಆಫೀಸ್‌ನಲ್ಲಿ ಬರೆದು ಚಿತ್ರವಾಗಿ ಉಳಿಸಿ ಹಾಕುತ್ತಾಳೆ.

ಲ್ಯಾಪ್‌ಟಾಪ್ ಹಳೆಯದಾದರೆ ಫ್ಯಾನ್ ಜೋರಾಗಿ ತಿರುಗುತ್ತದೆ. ನನ್ನದು 8 ಜಿಬಿ ರ‍್ಯಾಮ್ ಇರುವುದು. ಸೆಟ್ಟಿಂಗ್ಸ್‌ನಲ್ಲಿ ಸೆಕೆಂಡಿಗೆ 30 ಚಿತ್ರ ಇದ್ದದ್ದನ್ನು 10ಕ್ಕೆ ಇಳಿಸಿದೆ. ಕಲ್ಲೇನು ಅಲುಗಾಡುವುದಿಲ್ಲವಲ್ಲ, ಅಷ್ಟು ಸಾಕು. ಫ್ಯಾನ್ ಸುಮ್ಮನಾಯಿತು. ಮೂವ್ ಬಳಸುವ ದಿನ ಮಾತ್ರ ಮತ್ತೆ 30ಕ್ಕೆ ಏರಿಸುತ್ತೇನೆ.

ಐದು ವರ್ಷದಲ್ಲಿ ಇದು ಒಳ್ಳೆಯದಾಗುತ್ತಲೇ ಬಂದಿದೆ. ಮೊದಲು ತಪ್ಪಾಗಿ ಏನಾದರೂ ಅಳಿಸಿದರೆ ಹೋಯಿತು ಅಂತಲೇ. 2021ರ 27ನೇ ಆವೃತ್ತಿಯಲ್ಲಿ ಅನ್‌ಡೂ ಬಂತು. ಫೋಟೋಗಳ ಫೋಲ್ಡರ್ ಜಾಗ ಬದಲಿಸಿದರೆ ಎಲ್ಲಿ ಹೋಯಿತು ಅಂತ ಕೇಳಿ ಹುಡುಕಿಕೊಳ್ಳುವ ವ್ಯವಸ್ಥೆಯೂ ಅದರಲ್ಲೇ ಬಂತು. ನನ್ನ ಹತ್ತಿರ ಈಗ ನೂರಕ್ಕೂ ಹೆಚ್ಚು ಶಾಸನಗಳ ಸೀನ್‌ಗಳಿವೆ. ಹೊಸ ಲ್ಯಾಪ್‌ಟಾಪಿಗೆ ಹೋದಾಗ ಒಂದೂ ಕಳೆದುಕೊಳ್ಳಲಿಲ್ಲ.

ಯಾರಿಗೆ ಬೇಕು ಇದು? ವರ್ಷಕ್ಕೆ ಒಂದೆರಡು ಸಲ ಸ್ಲೈಡ್ ತೋರಿಸುವವರಿಗೆ ಬೇಡ. ಸುಮ್ನೆ ತಲೆನೋವು. ಆದರೆ ಚಿತ್ರವನ್ನೇ ಓದಬೇಕಾದವರು, ಅಂದರೆ ತಾಳೆಗರಿ ನೋಡುವವರು, ಗಿಡ ಗುರುತಿಸುವವರು, ನಕ್ಷೆ ಓದಿಸುವವರು ಎರಡು ವಾರ ಕೂತು ಕಲಿತರೆ ಆಮೇಲೆ ಬಿಡುವುದಿಲ್ಲ. ಆ ಹಿರಿಯ ಮೇಷ್ಟ್ರು ಹೋದ ವರ್ಷ ಒಂದು ವೀರಗಲ್ಲಿನ ಮೂರನೇ ಸಾಲಿನಲ್ಲಿ ನಾವೆಲ್ಲ ಳ ಅಂತ ಓದಿದ್ದನ್ನು ತಡೆದರು. "ನಿಲ್ಲಿಸಿ ಮೇಡಂ, ಸ್ವಲ್ಪ ದೊಡ್ಡದು ಮಾಡಿ. ಅದು ೞ." ಹಿಗ್ಗಿಸಿದೆ. ಹೌದು, ೞ, ಈಗ ಬಳಕೆಯಲ್ಲಿ ಇಲ್ಲದ ಹಳಗನ್ನಡದ ಅಕ್ಷರ. ಧಾರವಾಡದಲ್ಲಿ ಮೊಬೈಲ್ ನೋಡುತ್ತಾ ಅದನ್ನು ಹಿಡಿದರು. ನನ್ನ ಕಣ್ಣು ತುಂಬಿ ಬಂತು.

ಇನ್ನೊಂದು ವಿಷಯ ಹೇಳಲೇಬೇಕು. ವೀರಗಲ್ಲುಗಳ ಬುಡ ಅಗೆಯುವ ನಿಧಿಗಳ್ಳರ ಕಾಟ ಹಳ್ಳಿಗಳಲ್ಲಿ ಇದೆ. ಮೇಷ್ಟ್ರು ೞ ಹಿಡಿದ ಆ ವೀರಗಲ್ಲಿನ ಊರಿನಲ್ಲಿ ಫೋಟೋ ತೆಗೆಯುವಾಗ ಒಬ್ಬರು ಅಜ್ಜಿ ಹತ್ತಿರ ಬಂದು, "ಫೋಟೋ ತಗೊಳಮ್ಮ, ಊರ ಹೆಸರು ಮಾತ್ರ ಹಾಕಬೇಡ" ಅಂದಿದ್ದರು. ಮೊಬೈಲ್ ಫೋಟೋದೊಳಗೆ ತೆಗೆದ ಜಾಗದ ಗುರುತು ಸೇರಿಕೊಂಡಿರಬಹುದು. ಒಬಿಎಸ್‌ನಲ್ಲಿ ತೋರಿಸಿದರೆ ಬರೀ ಚಿತ್ರ ಹೋಗುತ್ತದೆ, ಆ ಗುರುತು ಹೋಗುವುದಿಲ್ಲ. ಆದರೆ ಸಭೆಗೆ ಮೊದಲು ನಾನು ವಾಟ್ಸಾಪ್‌ನಲ್ಲಿ ಮೂಲ ಫೋಟೋವನ್ನೇ ಡಾಕ್ಯುಮೆಂಟ್ ಆಗಿ ಕಳಿಸುತ್ತಿದ್ದೆ, ಸ್ಪಷ್ಟವಾಗಿ ಇರಲಿ ಅಂತ. ಹಾಗೆ ಕಳಿಸಿದಾಗ ಗುರುತೂ ಜೊತೆಗೇ ಹೋಗುತ್ತದೆ. ಅಜ್ಜಿಯ ಮಾತು ಕೇಳಿದ ಮೇಲೆ ಅದನ್ನು ನಿಲ್ಲಿಸಿದ್ದೇನೆ. ಒಬಿಎಸ್‌ನಲ್ಲೇ ಆ ಸೋರ್ಸ್‌ನ ಸ್ಕ್ರೀನ್‌ಶಾಟ್ ತೆಗೆದು, ಫೈಲಿಗೆ ಊರಿನ ಬದಲು ಒಂದು ಸಂಖ್ಯೆ ಕೊಟ್ಟು, ಅದನ್ನೇ ಕಳಿಸುತ್ತೇನೆ.