ಫೈರ್ ಅಂಡ್ ಬ್ಲಡ್: ಹದಿನೈದು ರಾಣಿಯರ ಕಡೆಯಿಂದ ಓದಿದರೆ

'ಹೌಸ್ ಆಫ್ ದಿ ಡ್ರ್ಯಾಗನ್' ಧಾರಾವಾಹಿ ನೋಡಿದವರು ಮುಂದಿನ ಕಂತಿನವರೆಗೆ ಕಾಯಲಾಗದೆ ಕೊಳ್ಳುವ ಪುಸ್ತಕ ಇದು. ಕೊಂಡವರಲ್ಲಿ ಬಹಳ ಜನ ನೂರನೇ ಪುಟದ ಹೊತ್ತಿಗೆ ಮಡಚಿಡುತ್ತಾರೆ. ಕಾದಂಬರಿ ಅಂದುಕೊಂಡು ತೆರೆದರೆ ಒಳಗಿರುವುದು ಕೈಫಿಯತ್ತು. ಇಂಥ ವರ್ಷ ಇಂಥವನು ಪಟ್ಟಕ್ಕೆ ಬಂದ, ಇಂಥವಳನ್ನು ಮದುವೆಯಾದ, ಇಷ್ಟು ಮಕ್ಕಳು, ಇಂಥ ಕಡೆ ಯುದ್ಧ. ಪಾತ್ರಗಳ ಮನಸ್ಸಿನೊಳಗೆ ಇಳಿಯುವುದೇ ಇಲ್ಲ, ಸಂಭಾಷಣೆಯೂ ಕಡಿಮೆ. ಜಾರ್ಜ್ ಆರ್. ಆರ್. ಮಾರ್ಟಿನ್ 2018ರ ನವೆಂಬರ್‌ನಲ್ಲಿ ಹೊರತಂದ ಈ ಸಂಪುಟ ಟಾರ್ಗೇರಿಯನ್ ಮನೆತನದ ಮೊದಲ ಸುಮಾರು 136 ವರ್ಷಗಳ ಚರಿತ್ರೆ. ಅದನ್ನು ಬರೆದವನು ಗಿಲ್ಡೇನ್ ಎಂಬ ಕಲ್ಪಿತ ಪಂಡಿತ.

ರಾಜರ ಹಿಂದೆ ಹೋದರೆ ಈ ಪುಸ್ತಕ ಸುಸ್ತು ಮಾಡುತ್ತದೆ. ರಾಣಿಯರ ಹಿಂದೆ ಹೋಗಿ, ಕೆಳಗಿಡಲಾಗುವುದಿಲ್ಲ. ಈ ವಿಮರ್ಶೆಯೂ ಅದೇ ದಾರಿಯಲ್ಲಿ ಹೋಗುತ್ತದೆ. ಕಥೆಯ ಗುಟ್ಟುಗಳೆಲ್ಲ ಕೆಳಗೆ ಬಿಚ್ಚಿಕೊಳ್ಳುತ್ತವೆ. ಧಾರಾವಾಹಿಯನ್ನು ಗುಟ್ಟು ಒಡೆಯದೆ ನೋಡಬೇಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ಸಂಪುಟದಲ್ಲಿ ಪಟ್ಟಕ್ಕೆ ಬಂದ ಗಂಡಸರ ಹೆಂಡತಿಯರು ಒಟ್ಟು ಹದಿನೈದು. ಮೊದಲ ಏಗಾನ್‌ಗೆ ಇಬ್ಬರು, ಇಬ್ಬರೂ ಅವನ ಅಕ್ಕತಂಗಿಯರೇ. ಏನಿಸ್‌ಗೆ ಒಬ್ಬಳು, ಮೇಗೋರ್‌ಗೆ ಆರು, ಜೇಹೇರಿಸ್‌ಗೆ ಒಬ್ಬಳು, ವಿಸೆರಿಸ್‌ಗೆ ಇಬ್ಬರು, ಎರಡನೆಯ ಏಗಾನ್‌ಗೆ ಒಬ್ಬಳು, ಮೂರನೆಯ ಏಗಾನ್‌ಗೆ ಇಬ್ಬರು. ಸ್ವಂತ ಹಕ್ಕಿನಿಂದ ಸಿಂಹಾಸನ ಕೇಳಿದ ರೇನಿರಾ ಈ ಲೆಕ್ಕದ ಹೊರಗೆ. ಅವಳು ಯಾರ ಪಟ್ಟದರಸಿಯೂ ಅಲ್ಲ, ತಾನೇ ಅರಸಿ. ಕಥೆಯ ತುಂಬ ಡ್ರ್ಯಾಗನ್ ಇದ್ದರೂ ಈ ಹದಿನೈದರಲ್ಲಿ ಡ್ರ್ಯಾಗನ್ ಯುದ್ಧದಲ್ಲಿ ಸತ್ತವಳು ಒಬ್ಬಳೇ: ರೇನಿಸ್. ವಿಜಯಶಕ 10ರಲ್ಲಿ ಡಾರ್ನ್‌ನ ಹೆಲ್‌ಹೋಲ್ಟ್ ಕೋಟೆಯಿಂದ ಹಾರಿದ ಉಕ್ಕಿನ ಬಾಣ ಅವಳ ಡ್ರ್ಯಾಗನ್ ಮೆರಾಕ್ಸಿಸ್‌ನ ಕಣ್ಣಿಗೆ ಹೊಕ್ಕು, ಹಕ್ಕಿಯ ಹಾಗೆ ಇಬ್ಬರೂ ಕೆಳಗೆ ಬಿದ್ದರು. (ಏಗಾನ್ ಗೆದ್ದು ಪಟ್ಟಕ್ಕೆ ಬಂದಲ್ಲಿಂದ ಎಣಿಸುವ ಶಕಕ್ಕೆ ಕನ್ನಡದಲ್ಲಿ ವಿಜಯಶಕ ಎಂದರೆ ಸಾಕು. ಕೆಳಗಿನ ಇಸವಿಗಳೆಲ್ಲ ಅವೇ.) ಹೆರಿಗೆಯಲ್ಲಿ ಸತ್ತವರು ಮೂವರು. ಮಗು ಹುಟ್ಟಲಿಲ್ಲ ಅಥವಾ ಸತ್ತು ಹುಟ್ಟಿತು ಎಂಬ ಕಾರಣಕ್ಕೆ ಕೊಲೆಯಾದವರನ್ನೂ ಸೇರಿಸಿದರೆ ಐದು. ಬಾಣಂತಿ ಕೋಣೆಯೇ ಈ ಮನೆತನದ ದೊಡ್ಡ ರಣರಂಗ. ಪುಸ್ತಕ ಇದನ್ನು ಎಲ್ಲಿಯೂ ಎತ್ತಿ ಹೇಳುವುದಿಲ್ಲ, ಓದುವವರೇ ಹೆಕ್ಕಿ ಕೂಡಿಸಿಕೊಳ್ಳಬೇಕು.

ಹೆಕ್ಕುವ ಕೆಲಸಕ್ಕೆ ಅತ್ಯಂತ ಫಲವತ್ತಾದ ಭಾಗ ಮೇಗೋರ್‌ನದು. 25ರಲ್ಲಿ ಮೊದಲ ಮದುವೆಯಾದಾಗ ಅವನಿಗೆ ಹದಿಮೂರು, ಹೆಂಡತಿ ಸೆರಿಸ್ ಹೈಟವರ್‌ಗೆ ಇಪ್ಪತ್ತಮೂರು. ಹದಿನಾಲ್ಕು ವರ್ಷ ಮಕ್ಕಳಾಗಲಿಲ್ಲ. 39ರಲ್ಲಿ ಅಲಿಸ್ ಹ್ಯಾರೋವೇಯನ್ನು ಕಟ್ಟಿಕೊಂಡ, ಅದಕ್ಕೆ ಅಣ್ಣ ಏನಿಸ್ ಅವನನ್ನು ಗಡೀಪಾರು ಮಾಡಿದ. 42ರಲ್ಲಿ ಪೆಂಟಾಸ್‌ನ ಟಿಯಾನಾ ಸೇರಿದಳು. 44ರಲ್ಲಿ ಅಲಿಸ್‌ಗೆ ವಿಕಾರ ಶಿಶು ಸತ್ತು ಹುಟ್ಟಿತು. ಅವಳಿಗೆ ಗುಟ್ಟಾಗಿ ಬೇರೆ ಗಂಡಸರ ಸಹವಾಸವಿತ್ತು ಎಂದು ಟಿಯಾನಾ ರಾಜನ ಕಿವಿ ಊದಿದಳು. ಅಲಿಸ್ ಚಿತ್ರಹಿಂಸೆಯಲ್ಲಿ ಸತ್ತಳು, ಜೊತೆಗೆ ಹ್ಯಾರೋವೇ ಮನೆತನದ ಬೇರೇ ಕಿತ್ತುಹೋಯಿತು. ಮರುವರ್ಷ ಸೆರಿಸ್ ದಿಢೀರ್ ಕಾಯಿಲೆಯಿಂದ ತೀರಿಕೊಂಡಳು ಎಂದು ಅರಮನೆ ಸಾರಿತು, ಊರು ನಂಬಲಿಲ್ಲ.

47ರಲ್ಲಿ ಮೇಗೋರ್ ಒಂದೇ ಸಲಕ್ಕೆ ಮೂವರನ್ನು ಮದುವೆಯಾದ. ಎಲಿನೋರ್ ಕಾಸ್ಟೇನ್, ಜೇನ್ ವೆಸ್ಟರ್ಲಿಂಗ್, ಜೊತೆಗೆ ಅವನ ಅಣ್ಣ ಏನಿಸ್‌ನ ಮಗಳು ರೇನಾ. ಆಯ್ಕೆಯ ಮಾನದಂಡ ದನದ ಸಂತೆಯದು: ಈಗಾಗಲೇ ಹೆತ್ತು ತೋರಿಸಿರಬೇಕು. ಮೂವರೂ ವಿಧವೆಯರು, ಮೂವರ ಗಂಡಂದಿರೂ ಸತ್ತದ್ದು ಇವನಿಂದಲೇ, ಅಥವಾ ಇವನೆದುರು ನಿಂತು. ಮೂವರೂ ಮಂಟಪಕ್ಕೆ ಬಂದದ್ದು ವಿಧವೆಯ ಕಪ್ಪು ಬಟ್ಟೆಯಲ್ಲಿ. ಜೇನ್‌ಗೆ ಮೂರು ತಿಂಗಳು ಮೊದಲೇ ನೋವು ಶುರುವಾಗಿ ಮಗು ಸತ್ತು ಹುಟ್ಟಿತು, ತಾಯಿಯೂ ಉಳಿಯಲಿಲ್ಲ. ಎಲಿನೋರ್ ಹೆತ್ತದ್ದೂ ಸತ್ತ ಮಗುವನ್ನೇ, ಆದರೆ ಅವಳು ಬದುಕಿದಳು. ಸವತಿಯರ ಗರ್ಭಕ್ಕೆ ವಿಷವಿಟ್ಟದ್ದು ತಾನೇ ಎಂದು ಟಿಯಾನಾ ಒಪ್ಪಿಕೊಂಡಳು, ಮೇಗೋರ್ ತನ್ನ ಬ್ಲ್ಯಾಕ್‌ಫೈರ್ ಕತ್ತಿಯಿಂದ ಅವಳ ಎದೆ ಬಗೆದು ಗುಂಡಿಗೆಯನ್ನು ನಾಯಿಗಳಿಗೆ ಎಸೆದ. ರೇನಾ ಕಾದು ಕೂತು, ಒಂದು ರಾತ್ರಿ ಅವನು ಮಲಗಿದ್ದಾಗ ಅದೇ ಕತ್ತಿಯನ್ನು ಎತ್ತಿಕೊಂಡು ತನ್ನ ಡ್ರ್ಯಾಗನ್ ಡ್ರೀಮ್‌ಫೈರ್ ಏರಿ ಹಾರಿಹೋದಳು. 48ರಲ್ಲಿ ಮೇಗೋರ್ ಕಬ್ಬಿಣದ ಸಿಂಹಾಸನದ ಮೇಲೆಯೇ ಹೆಣವಾಗಿದ್ದ. ಆರು ಹೆಂಡತಿಯರಲ್ಲಿ ಅವನ ನಂತರ ಬದುಕಿದ್ದವರು ಎಲಿನೋರ್, ರೇನಾ ಇಬ್ಬರೇ. ಎಲಿನೋರ್ ಸನ್ಯಾಸಿನಿಯಾದಳು.

ಟಿಯಾನಾಳ ತಪ್ಪೊಪ್ಪಿಗೆಯ ಹತ್ತಿರ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಿ. ಅಲಿಸ್, ಜೇನ್, ಎಲಿನೋರ್ ಮೂವರಿಗೂ ವಿಕಾರ ಶಿಶುಗಳೇ ಆದವು ಅಂದಮೇಲೆ ದೋಷ ಎಲ್ಲಿತ್ತು ಎಂಬ ಪ್ರಶ್ನೆ ಯಾರಿಗಾದರೂ ಬರುತ್ತದೆ. ಗಿಲ್ಡೇನ್ ಅದನ್ನು ತೀರ್ಮಾನಿಸದೆ ಮುಂದೆ ಹೋಗುತ್ತಾನೆ. ಪುಸ್ತಕದ ಕುಸುರಿ ಇರುವುದು ಇಂಥ ಕಡೆ. ಅವನ ಆಕರಗಳು ಬಹುಪಾಲು ಗಂಡಸರವೇ. ವಿಸೆರಿಸ್‌ನ ಮೊದಲ ಹೆಂಡತಿಯ ಮಗಳು ರೇನಿರಾ ಮತ್ತು ಎರಡನೆಯ ಹೆಂಡತಿ ಅಲಿಸೆಂಟ್‌ಳ ಮಗ ಎರಡನೆಯ ಏಗಾನ್ ಸಿಂಹಾಸನಕ್ಕಾಗಿ ಕಾದಾಡುವ ಅಂತರ್ಯುದ್ಧದ ಭಾಗಕ್ಕೆ ಬಂದಾಗ ಮೂರು ಬಾಯಿಗಳು: ಅರಮನೆಯ ಪೂಜಾರಿ ಯೂಸ್ಟೇಸ್, ಪಂಡಿತ ಮಂಕನ್, ವಿದೂಷಕ ಮಶ್ರೂಮ್. ಯೂಸ್ಟೇಸ್ ಅಲಿಸೆಂಟ್‌ಳ ಪಕ್ಷಕ್ಕೆ ವಾಲಿದವನು, ಮಂಕನ್ ಬರೆದದ್ದು ಬಹುಪಾಲು ಇನ್ನೊಬ್ಬ ಪಂಡಿತನ ಹೇಳಿಕೆ ಇಟ್ಟುಕೊಂಡು, ಮಶ್ರೂಮ್‌ಗೆ ಹೊಲಸು ಕಥೆ ಇಲ್ಲದೆ ಊಟ ಸೇರದು. ಆದರೂ ಎಷ್ಟೋ ಸಲ ನಿಜದ ವಾಸನೆ ಬರುವುದು ವಿದೂಷಕನ ಮಾತಿನಿಂದಲೇ.

ಓದುವಾಗ ಎಡವುವುದು ಹೆಸರುಗಳಲ್ಲಿ. ರೇನಿಸ್, ರೇನಾ, ರೇಲಾ, ರೇನಿರಾ. ಅದರಲ್ಲೂ ರೇನಾ ಇಬ್ಬರು, ರೇನಿಸ್ ಇಬ್ಬರು. ಅಲಿಸ್ಸಾ ಎಂದರೆ ಏನಿಸ್‌ನ ರಾಣಿಯೂ ಹೌದು, ಅವಳ ಮೊಮ್ಮಗಳೂ ಹೌದು. ಇ-ಪುಸ್ತಕದಲ್ಲಿ 'ಅಲಿಸ್' ಎಂದು ಹುಡುಕಿದರೆ ಅಲಿಸ್ ಹ್ಯಾರೋವೇ, ಅಲಿಸ್ ರಿವರ್ಸ್, ಅಲಿಸ್ಸಾ, ಅಲಿಸಾನ್ ಎಲ್ಲರೂ ಒಟ್ಟಿಗೆ ಬಂದು ಬೀಳುತ್ತಾರೆ, ಹಾಗಾಗಿ ಹುಡುಕುವಾಗ ತವರುಮನೆಯ ಹೆಸರನ್ನೂ ಸೇರಿಸಿ. ಅಚ್ಚಿನ ಪ್ರತಿಯಲ್ಲಿ ಕೊನೆಗೆ ವಂಶವೃಕ್ಷ ಮತ್ತು ಪಟ್ಟಾಭಿಷೇಕಗಳ ಸಾಲುಪಟ್ಟಿ ಇದೆ. ಪದಸೂಚಿ ಇಲ್ಲ, ಏಳುನೂರು ಪುಟದ ಚರಿತ್ರೆಗೆ ಇದು ಸಣ್ಣ ಕೊರತೆಯೇನಲ್ಲ. ವಂಶವೃಕ್ಷವನ್ನು ಮೊದಲೇ ನೋಡಿದರೆ ಮದುವೆಗಳ ಗುಟ್ಟು ಒಡೆಯುತ್ತದೆ, ನೋಡದಿದ್ದರೆ ಯಾರು ಯಾರ ಚಿಕ್ಕಮ್ಮ ಎಂಬುದೇ ತಿಳಿಯದು. ನಡುದಾರಿ ಒಂದಿದೆ. ನೋಟ್‌ಬುಕ್ಕಿನ ಒಂದು ಅಗಲ ಹಾಳೆಗೆ ಏಳು ಅಂಕಣ ಹಾಕಿ: ಹೆಸರು, ತವರು, ಗಂಡ, ಮದುವೆಯ ವರ್ಷ, ಹೆತ್ತದ್ದೆಷ್ಟು ಉಳಿದದ್ದೆಷ್ಟು, ಸಾವು, ಮತ್ತು ಕೊನೆಯದು, ಹಾಗೆಂದು ಹೇಳಿದವರು ಯಾರು. ಕೊನೆಯ ಅಂಕಣವನ್ನು ಬಿಡಬೇಡಿ. ಅದು ತುಂಬುತ್ತ ಹೋದ ಹಾಗೆ ಗಿಲ್ಡೇನ್‌ನ ಮೇಲಿನ ನಂಬಿಕೆ ಕರಗುತ್ತ ಹೋಗುತ್ತದೆ.

ಈ ಹಾಳೆಯಲ್ಲಿ ಅತ್ಯಂತ ಭಾರದ ಸಾಲು ಅಲಿಸ್ಸಾ ವೆಲರಿಯಾನ್‌ಳದು. ಏನಿಸ್‌ನ ವಿಧವೆ, ಮೇಗೋರ್‌ನಿಂದ ಮಕ್ಕಳನ್ನು ಉಳಿಸಿಕೊಂಡವಳು, ಮಗ ಜೇಹೇರಿಸ್ ಬಾಲಕನಾಗಿದ್ದಾಗ ಆಡಳಿತ ನಡೆಸಿದವಳು. ರೋಗರ್ ಬರಾಥಿಯನ್‌ನನ್ನು ಮರುಮದುವೆಯಾಗಿ, 54ರಲ್ಲಿ, ನಲವತ್ತು ದಾಟಿ ಎಷ್ಟೋ ವರ್ಷವಾದ ಮೇಲೆ, ಮತ್ತೆ ಬಸುರಿ. ಹೆರಿಗೆ ಕಷ್ಟಕ್ಕಿಟ್ಟುಕೊಂಡಿತು. ತಾಯಿ ಉಳಿಯಲಾರಳು, ಹೊಟ್ಟೆ ಕೊಯ್ದರೆ ಮಗುವಾದರೂ ಸಿಗಬಹುದು ಎಂದು ವೈದ್ಯ ಬಂದು ಗಂಡನನ್ನು ಕೇಳುತ್ತಾನೆ. ಗಂಡ ಒಪ್ಪುತ್ತಾನೆ. ಜೋಸೆಲಿನ್ ಹುಟ್ಟುತ್ತಾಳೆ, ಅಲಿಸ್ಸಾ ಸಾಯುತ್ತಾಳೆ. ಹಿರಿಮಗಳು ರೇನಾ ತಡವಾಗಿ ಬಂದು, ಇನ್ನೊಂದು ಮದುವೆಯಾದರೆ ನಿನ್ನ ಕೋಟೆಯನ್ನು ಎರಡನೆಯ ಹ್ಯಾರನ್‌ಹಾಲ್ (ಡ್ರ್ಯಾಗನ್ ಬೆಂಕಿಗೆ ಸುಟ್ಟುಹೋದ ಕೋಟೆ) ಮಾಡುತ್ತೇನೆ ಎಂದು ರೋಗರ್‌ನನ್ನು ಹೆದರಿಸಿ ಹೋಗುತ್ತಾಳೆ. ಧಾರಾವಾಹಿಯ ಮೊದಲ ಕಂತಿನಲ್ಲಿ ವಿಸೆರಿಸ್‌ನ ಮೊದಲ ರಾಣಿ ಏಮಾ ಆರಿನ್‌ಳ ಹೊಟ್ಟೆ ಕೊಯ್ಯುವ ದೃಶ್ಯ ನೋಡಿ ಬೆಚ್ಚಿದವರು ಪುಸ್ತಕದಲ್ಲಿ ಅದನ್ನು ಏಮಾಳ ಪುಟದಲ್ಲಿ ಹುಡುಕಿ ನಿರಾಶರಾಗುತ್ತಾರೆ. ಅಲ್ಲಿ 105ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು, ಗಂಡುಮಗುವೂ ಉಳಿಯಲಿಲ್ಲ ಎಂಬಷ್ಟೇ ಇದೆ. ಕತ್ತಿ ಆಡಿದ್ದು ಅರ್ಧ ಶತಮಾನ ಹಿಂದೆ, ಅಲಿಸ್ಸಾಳ ಮೇಲೆ.

ಅಲಿಸಾನ್ ಈ ಸಾಲಿನಲ್ಲಿ ಅದೃಷ್ಟವಂತೆ ಎಂದು ಹೆಸರಾದವಳು. 49ರಲ್ಲಿ ಅಣ್ಣ ಜೇಹೇರಿಸ್‌ನನ್ನು ಗುಟ್ಟಾಗಿ ಮದುವೆಯಾಗಿ, 100ರಲ್ಲಿ ಅರವತ್ತನಾಲ್ಕನೇ ವಯಸ್ಸಿಗೆ ಡ್ರ್ಯಾಗನ್‌ಸ್ಟೋನ್‌ನಲ್ಲಿ ತೀರಿಕೊಂಡವಳು. ವಿಧವೆಯರನ್ನು ಮಲಮಕ್ಕಳು ಮನೆಯಿಂದ ಹೊರಹಾಕದಂತೆ 52ರಲ್ಲಿ ಕಾನೂನು ಬಂದದ್ದು ಇವಳಿಂದ. ಅದೇ ಕಾನೂನಿನಲ್ಲಿ ಮೊದಲ ಹೆಂಡತಿಯ ಮಕ್ಕಳ ಹಕ್ಕನ್ನು ಎರಡನೆಯವಳ ಮಕ್ಕಳಿಗಾಗಿ ಕಿತ್ತುಕೊಳ್ಳುವಂತಿಲ್ಲ ಎಂದೂ ಇದೆ. ಇದನ್ನು ನೆನಪಿಟ್ಟುಕೊಂಡು 129ರ ಸಿಂಹಾಸನದ ಜಗಳಕ್ಕೆ ಬನ್ನಿ, ರುಚಿಯೇ ಬೇರೆ. ಹೆತ್ತದ್ದು ಹದಿಮೂರು, ಅವಳು ಕಣ್ಣು ಮುಚ್ಚುವ ಮೊದಲು ಹತ್ತನ್ನು ಕಳೆದುಕೊಂಡಿದ್ದಳು. ಮಗಳು ಡೇಲಾ 82ರಲ್ಲಿ, ಮಗಳು ಅಲಿಸ್ಸಾ 84ರಲ್ಲಿ, ಇಬ್ಬರೂ ಹೆರಿಗೆಯ ಬೆನ್ನಿಗೇ ಹೋದವರು. ಈ ಅಧ್ಯಾಯಗಳು ಸಂಪುಟದ ಅತ್ಯುತ್ತಮ ಬರವಣಿಗೆ. ಯುದ್ಧ ಬೇಕು ಎಂದು ಹಾರಿಸಿ ಓದುವವರು ಕಳೆದುಕೊಳ್ಳುವುದು ಇವನ್ನೇ.

ಅಂತರ್ಯುದ್ಧದ ಭಾಗ ಎಲ್ಲರಿಗೂ ಗೊತ್ತಿರುವುದು, ಉದ್ದ ಬೇಡ. ಧಾರಾವಾಹಿಯಲ್ಲಿ ಅಲಿಸೆಂಟ್, ರೇನಿರಾ ಓರಗೆಯ ಗೆಳತಿಯರು. ಪುಸ್ತಕದಲ್ಲಿ 106ರ ಮದುವೆಯ ಹೊತ್ತಿಗೆ ಅಲಿಸೆಂಟ್‌ಗೆ ಹದಿನೆಂಟು, ರೇನಿರಾಗೆ ಒಂಬತ್ತು. ಎರಡನೆಯ ಏಗಾನ್‌ನ ರಾಣಿ ಹೆಲೇನಾಳ ಪ್ರಸಂಗವಂತೂ ಪುಸ್ತಕದಲ್ಲಿ ಹೆಚ್ಚು ಕ್ರೂರ. ಇಬ್ಬರು ಗಂಡುಮಕ್ಕಳಲ್ಲಿ ಯಾರು ಸಾಯಬೇಕು ಎಂದು ಹಂತಕರು ಕೇಳಿದಾಗ ಅವಳು ಕಿರಿಯ ಮೇಲೋರ್‌ನ ಹೆಸರು ಹೇಳುತ್ತಾಳೆ, ಅವರು ಕೊಲ್ಲುವುದು ಹಿರಿಯನನ್ನು. ತಾಯಿ ತನ್ನನ್ನು ಸಾಯಿಸಲು ಹೇಳಿದಳು ಎಂದು ಬದುಕುಳಿದ ಮಗುವಿಗೆ ಗೊತ್ತಾಗುತ್ತದೆ. ತೆರೆಯ ಮೇಲೆ ಮೇಲೋರ್ ಇಲ್ಲ, ಹಾಗಾಗಿ ಆ ಇರಿತವೂ ಇಲ್ಲ. 130ರಲ್ಲಿ ಹೆಲೇನಾ ಮೇಗೋರ್ ಕಟ್ಟಿಸಿದ ಒಳಕೋಟೆಯ ಕಿಟಕಿಯಿಂದ ಕಂದಕದ ಕಬ್ಬಿಣದ ಮೊನೆಗಳ ಮೇಲೆ ಬಿದ್ದಳು. ಮೂರು ವರ್ಷದ ನಂತರ ಅವಳ ಮಗಳು, ಮೂರನೆಯ ಏಗಾನ್‌ನ ಹತ್ತು ವರ್ಷದ ರಾಣಿ ಜೇಹೇರಾ, ಬಿದ್ದದ್ದೂ ಅವೇ ಮೊನೆಗಳ ಮೇಲೆ. ಹಾರಿದಳೋ, ತಳ್ಳಿದರೋ? ಆಗ ಆಡಳಿತ ಕೈಯಲ್ಲಿದ್ದ ಅನ್‌ವಿನ್ ಪೀಕ್‌ಗೆ ಮದುವೆಗೆ ಬಂದ ಮಗಳಿದ್ದಳು. ಆ ರಾತ್ರಿ ಬಾಗಿಲು ಕಾಯುತ್ತಿದ್ದವನು ಅವನ ಮಲತಮ್ಮ.

ಅದೇ 133ರಲ್ಲಿ ಅಲಿಸೆಂಟ್ ಸೆರೆಯಲ್ಲಿ ಚಳಿಗಾಲದ ಜ್ವರದಿಂದ ಸತ್ತಳು. ಸಾಯುವ ಹೊತ್ತಿಗೆ ಅವಳು ನೆನೆದದ್ದು ತನ್ನ ಮಕ್ಕಳನ್ನು, ಮತ್ತು ಹುಡುಗಿಯಾಗಿದ್ದಾಗ ತಾನು ಓದಿ ಹೇಳುತ್ತಿದ್ದ ಮುದುಕ ರಾಜ ಜೇಹೇರಿಸ್‌ನನ್ನು. ಗಂಡ ವಿಸೆರಿಸ್‌ನ ಹೆಸರು ಬರಲೇ ಇಲ್ಲ. ಇದನ್ನು ಗಿಲ್ಡೇನ್ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾನೆ, ಅದಕ್ಕಿಂತ ಹೆಚ್ಚು ಬೇಕಾಗಿಯೂ ಇಲ್ಲ.

ಕೊಳ್ಳುವ ವಿಚಾರ. ಟಿಪ್ಪಣಿ ಹಾಕುತ್ತ ಓದುವವರಿಗೆ ಗಟ್ಟಿರಟ್ಟಿನ ಪ್ರತಿಯೇ ಸರಿ, ಡೌಗ್ ವೀಟ್ಲಿಯ ಕಪ್ಪುಬಿಳುಪು ಚಿತ್ರಗಳು ಅದರಲ್ಲಿ ಚೆನ್ನಾಗಿ ಕಾಣುತ್ತವೆ. ಫೋನಿನಲ್ಲಿ ಓದಿದರೆ ಆ ಚಿತ್ರಗಳ ಗೆರೆಗಳೆಲ್ಲ ಮಸಿಯಾಗುತ್ತವೆ, ವಂಶವೃಕ್ಷ ಹಿಗ್ಗಿಸಿ ಹಿಗ್ಗಿಸಿ ಸಾಕಾಗುತ್ತದೆ. ಸೈಮನ್ ವ್ಯಾನ್ಸ್ ಓದಿರುವ ಆಡಿಯೋ ಸುಮಾರು 26 ಗಂಟೆ. ಧ್ವನಿ ಸೊಗಸು, ಎರಡನೇ ಓದಿಗೆ ಒಳ್ಳೆಯದು. ಮೊದಲ ಸಲಕ್ಕೇ ಕಿವಿಯಿಂದ ಕೇಳಿದರೆ ಏಗಾನ್‌ಗಳೂ ರೇನಾಗಳೂ ಕಲಸಿಹೋಗುತ್ತಾರೆ. 2022ರಲ್ಲಿ ಬಂದ 'ದಿ ರೈಸ್ ಆಫ್ ದಿ ಡ್ರ್ಯಾಗನ್' ಇದೇ ಕಾಲದ ಬಣ್ಣದ ಚಿತ್ರಗಳ ಪುಸ್ತಕ, ಮೇಜಿನ ಮೇಲಿಟ್ಟು ನೋಡಲು ಚಂದ. ಆದರೆ ಕಥೆ ಅದರಲ್ಲಿ ಇಳಿಸಿದ ಪ್ರಮಾಣದಲ್ಲಿದೆ, ಮೂರು ಬಾಯಿಗಳ ವಾದವಿವಾದ ಸೊರಗಿದೆ. ರಾಣಿಯರಿಗಾಗಿ ಓದುವವರು ಹಣ ಹಾಕಬೇಕಾದ್ದು ಮೂಲಕ್ಕೇ. 2013, 2014, 2017ರ ಸಂಕಲನಗಳಲ್ಲಿ ಬಿಡಿಬಿಡಿಯಾಗಿ ಬಂದ ಟಾರ್ಗೇರಿಯನ್ ಚರಿತ್ರೆಗಳನ್ನು ಓದಿದ್ದರೆ ಮೇಗೋರ್ ಮತ್ತು ಅಂತರ್ಯುದ್ಧದ ಭಾಗಗಳು ಪರಿಚಿತ ಅನ್ನಿಸುತ್ತವೆ. ಇಲ್ಲಿ ಅವು ಹಿಗ್ಗಿವೆ, ಅಲಿಸಾನ್‌ಳ ಕಾಲ ಹೊಸದು.

ನೇರ 'ರಾಣಿಯರ ದಾರಿ' ಹಿಡಿಯುವವರು ಕಡೆಯ ಅಧ್ಯಾಯಗಳಲ್ಲಿ ಜಾಗ್ರತೆ. ರಾಜಪ್ರತಿನಿಧಿಗಳ ಕಾಲದ ಬ್ಯಾಂಕು, ಹಡಗು, ಒಳಸಂಚುಗಳ ಕಥೆ ಎಳೆಯುತ್ತದೆ, ಹತ್ತಾರು ಹೊಸ ಹೆಸರುಗಳು ಬಂದು ಹೋಗುತ್ತವೆ. ಅಲ್ಲಿ ಬೇಸರ ಬಂದರೆ ಹಾಳೆ ತಿರುಗಿಸಿ, ಆದರೆ 133ರ ಕನ್ಯೆಯರ ಮೆರವಣಿಗೆಯ ಮುಂದೆ ನಿಲ್ಲಿ. ಸಾವಿರಕ್ಕೂ ಮಿಕ್ಕಿ ಹುಡುಗಿಯರು ರಾಜನೆದುರು ಹಾದುಹೋಗಿ, ಕೊನೆಗೆ ರಾಜನ ಮಲಅಕ್ಕಂದಿರಾದ ಬೇಲಾ ಮತ್ತು ರೇನಾ ಕೈಹಿಡಿದು ತಂದ ಡೇನೇರಾ ವೆಲರಿಯಾನ್ ಆಯ್ಕೆಯಾಗುತ್ತಾಳೆ. ಅವಳಿಗೆ ಆರು ವರ್ಷ. 136ರಲ್ಲಿ ಮೂರನೆಯ ಏಗಾನ್ ಹದಿನಾರು ತುಂಬಿ ರಾಜಪ್ರತಿನಿಧಿಗಳನ್ನು ಮನೆಗೆ ಕಳಿಸುವಲ್ಲಿಗೆ ಸಂಪುಟ ಮುಗಿಯುತ್ತದೆ, ಎರಡನೆಯ ಸಂಪುಟ ಇನ್ನೂ ಬಂದಿಲ್ಲ. ನೋಟ್‌ಬುಕ್ಕಿನ ಹದಿನೈದನೇ ಸಾಲಿನಲ್ಲಿ ಡೇನೇರಾಳ ಹೆಸರು, ತವರು, ಗಂಡ, ಮದುವೆಯ ವರ್ಷ ಬರೆದು ಮುಂದಿನ ಅಂಕಣಗಳನ್ನು ಖಾಲಿ ಬಿಡಿ.