ಸೈಕಲ್ ಅಂತ ಕೊಂಡೆ, ಗಾಡಿ ಅಂತ ಕೇಸಾಯಿತು

ಮಕ್ಕಳಿಗೆ ಎಲೆಕ್ಟ್ರಿಕ್ ಸೈಕಲ್ ಕೊಡಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ಅದರಲ್ಲೂ ‘ಲೈಸನ್ಸ್ ಬೇಡ, ಪಾಸಿಂಗ್ (ಆರ್‌ಟಿಓ ನೋಂದಣಿ) ಬೇಡ’ ಎಂಬ ಮಾತು ನಂಬಿ ಆಗಲೇ ಅಡ್ವಾನ್ಸ್ ಕೊಟ್ಟು ಬಂದವರು ಓದಲೇಬೇಕು.

ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ಮಗನಿಗೆ 15 ವರ್ಷ, ಹತ್ತನೇ ಕ್ಲಾಸು, ಟ್ಯೂಷನ್ ವಿದ್ಯಾಗಿರಿಯಲ್ಲಿ. ದೂರ ಅಂಥದ್ದೇನಿಲ್ಲ. ಆದರೆ ನಮ್ಮೂರ ಬಿಸಿಲು ಗೊತ್ತಲ್ವಾ, ಮಧ್ಯಾಹ್ನ ಪೆಡಲ್ ತುಳಿದು ಹೋದ ಹುಡುಗ ಅಲ್ಲಿ ಪಾಠ ಕೇಳುವುದಕ್ಕಿಂತ ತೂಕಡಿಸುವುದೇ ಜಾಸ್ತಿ. ಸ್ಕೂಟಿ ಕೊಡುವ ವಯಸ್ಸಲ್ಲ. ಹಾಗಾಗಿ ಎಲೆಕ್ಟ್ರಿಕ್ ಸೈಕಲ್ ವಿಚಾರ ಬಂತು. ಬೇರೆ ಊರಿನ ಒಂದು ಅಂಗಡಿಯಲ್ಲಿ 36 ಸಾವಿರಕ್ಕೆ ತಂದೆವು. ಅಂಗಡಿಯ ಹೆಸರು ಇಲ್ಲಿ ಹೇಳುವುದಿಲ್ಲ, ವ್ಯಾಜ್ಯ ಇನ್ನೂ ಮುಗಿದಿಲ್ಲ.

ಅಂಗಡಿಯವರ ಮಾತು ಇನ್ನೂ ಕಿವಿಯಲ್ಲಿದೆ. “ಏನ್ ಕಾಳಜಿ ಮಾಡಬ್ಯಾಡ್ರಿ ಸರ. ಇದಕ್ಕ ಲೈಸನ್ಸೂ ಬ್ಯಾಡ, ಪಾಸಿಂಗೂ ಬ್ಯಾಡ, ಇನ್ಶೂರೆನ್ಸೂ ಬ್ಯಾಡ. ಪೊಲೀಸ್ರು ಕೈ ಮಾಡಂಗಿಲ್ಲ.” ಪೂರ್ತಿ ಸುಳ್ಳು ಅಂತೇನೂ ಅಲ್ಲ. ಅರ್ಧ ನಿಜ. ನಾನು ಮುಗ್ಗರಿಸಿದ್ದು ಆ ಉಳಿದ ಅರ್ಧದಲ್ಲಿ.

ಕಾನೂನು ಏನು ಹೇಳುತ್ತದೆ ಅಂತ ನನಗೆ ಗೊತ್ತಾಗಿದ್ದು ಕೇಸಾದ ಮೇಲೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಬ್ಯಾಟರಿ ವಾಹನಕ್ಕೆ ಒಂದು ವಿನಾಯಿತಿ ಇದೆ. ಮೋಟಾರಿನ ಮೂವತ್ತು ನಿಮಿಷದ ಶಕ್ತಿ, ಅಂದರೆ ಅರ್ಧ ಗಂಟೆ ಒಂದೇ ಸಮನೆ ಕೊಡಬಲ್ಲ ಶಕ್ತಿ, 250 ವ್ಯಾಟ್‌ಗಿಂತ ಕಡಿಮೆ ಇರಬೇಕು. ವೇಗ ಗಂಟೆಗೆ 25 ಕಿಲೋಮೀಟರ್ ಒಳಗೇ ಇರಬೇಕು. ಪೆಡಲ್ ತುಳಿದಾಗ ಮೋಟಾರು ನೆರವಾಗುವ ಸೈಕಲ್ಲಾದರೆ, ವೇಗ 25 ಮುಟ್ಟುತ್ತಾ ಬಂದಂತೆ ಮೋಟಾರು ತಾನಾಗಿ ಸಣ್ಣಗಾಗಿ ನಿಲ್ಲಬೇಕು. ತುಳಿಯುವುದು ಬಿಟ್ಟರೆ ಅದಕ್ಕೂ ಮೊದಲೇ ನಿಲ್ಲಬೇಕು. ಸರಿಯಾದ ಬ್ರೇಕ್, ಮುಂದೆ ಬಿಳಿ ರಿಫ್ಲೆಕ್ಟರ್, ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು. ಹೀಗಿದ್ದರೆ ಅದು ಮೋಟಾರು ವಾಹನ ಅಲ್ಲ, ಸೈಕಲ್ಲೇ. ಆದರೆ ಇದನ್ನು ಹೇಳಬೇಕಾದ್ದು ಅಂಗಡಿಯವರಲ್ಲ. ಪುಣೆಯ ಎಆರ್‌ಎಐ, ಮಾನೇಸರ್‌ನ ಐಕ್ಯಾಟ್ ಇಂಥ ಅಧಿಕೃತ ಪರೀಕ್ಷಾ ಸಂಸ್ಥೆ ಆ ಮಾಡೆಲ್ಲನ್ನು ಪರೀಕ್ಷಿಸಿ ಒಪ್ಪಿರಬೇಕು. ಇಷ್ಟರಲ್ಲಿ ಒಂದು ತಪ್ಪಿದರೂ ಸ್ಕೂಟರ್, ಬೈಕಿಗೆ ಇರುವ ಎಲ್ಲ ಕಾನೂನೂ ಅದಕ್ಕೆ ಅನ್ವಯಿಸುತ್ತದೆ. ಪೆಡಲ್ ಇದೆ ಅಂತ ಯಾರೂ ಬಿಡುವುದಿಲ್ಲ.

ಮಗ ವಿಡಿಯೋ ನೋಡಿ ‘ಕ್ಲಾಸ್ ಟೂ’, ‘ಕ್ಲಾಸ್ ತ್ರೀ’ ಅಂತ ಪಾಠ ಒಪ್ಪಿಸುತ್ತಿದ್ದ. ಅಂಗಡಿಯವರೂ “ಇದು ಕ್ಲಾಸ್ ತ್ರೀ ರೀ” ಅಂದಿದ್ದರು. ಅದು ಅಮೆರಿಕದ ಲೆಕ್ಕ. ಅಲ್ಲಿ ಕ್ಲಾಸ್ ಒಂದು, ಎರಡಕ್ಕೆ ಸುಮಾರು 32 ಕಿಲೋಮೀಟರ್, ಮೂರಕ್ಕೆ ಸುಮಾರು 45ರವರೆಗೆ ಮೋಟಾರಿನ ನೆರವು ಸಿಗುತ್ತದೆ. ನಮ್ಮಲ್ಲಿ ಕ್ಲಾಸೂ ಇಲ್ಲ ಏನೂ ಇಲ್ಲ. ಒಂದೋ ಸೈಕಲ್, ಇಲ್ಲವೇ ಗಾಡಿ.

ಈಗ ನನ್ನ ತಪ್ಪು ಹೇಳುತ್ತೇನೆ. ತಂದ ವಾರಕ್ಕೇ ಮಗನ ಗೊಣಗಾಟ ಶುರುವಾಯಿತು. ಬಹಳ ಮೆಲ್ಲಗೆ ಹೋಗುತ್ತದಂತೆ, ಗೆಳೆಯರು ನಗುತ್ತಾರಂತೆ. ನಾನೇ ಅಂಗಡಿಯವರಿಗೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಹಾಕಿದೆ: “ಸ್ವಲ್ಪ ಸ್ಪೀಡ್ ಜಾಸ್ತಿ ಆಗೂವಂಗ ಮಾಡಾಕ ಬರ್ತೈತೇನ್ರಿ?” ಬರುತ್ತಿತ್ತು. ಸೀಟಿನ ಕೆಳಗೆ ಮೋಟಾರನ್ನು ನಿಯಂತ್ರಿಸುವ ಪೆಟ್ಟಿಗೆ, ಅಂದರೆ ಕಂಟ್ರೋಲರ್ ಇತ್ತು. ಅದರಿಂದ ಬರುವ ಒಂದು ವಾಯರಿನ ಜೋಡಣೆ ಬಿಚ್ಚಿದರು. ಎರಡು ನಿಮಿಷದ ಕೆಲಸ, ದುಡ್ಡೂ ತೆಗೆದುಕೊಳ್ಳಲಿಲ್ಲ. “ಇಪ್ಪತ್ತೈದರಾಗ ಯಾರ್ ಹೋಗ್ತಾರ್ರೀ ಸರ” ಅಂತ ನಕ್ಕರು. ನಾನೂ ನಕ್ಕೆ.

ಅಂದಿನಿಂದ ಪೆಡಲ್ ಮುಟ್ಟದೆ, ಬರೀ ಆಕ್ಸಿಲರೇಟರ್ ತಿರುಗಿಸಿದರೆ 41 ಹೋಗುತ್ತಿತ್ತು. ನವನಗರದ ರಸ್ತೆಗಳು ನಿಮಗೆ ಗೊತ್ತು. ಆಲಮಟ್ಟಿ ಹಿನ್ನೀರಿಗೆ ಹಳೆ ಊರು ಬಿಟ್ಟವರಿಗಾಗಿ ಪ್ಲಾನ್ ಹಾಕಿ ಕಟ್ಟಿದ ಊರು. ರಸ್ತೆ ಅಗಲ, ಮಧ್ಯಾಹ್ನ ಖಾಲಿ ಖಾಲಿ. ಹುಡುಗನ ಕೈ ತಡೆಯಬೇಕಲ್ಲ.

ಒಂದು ಸಂಜೆ ಸೆಕ್ಟರ್ ತಿರುವಿನಲ್ಲಿ ರಸ್ತೆ ದಾಟುತ್ತಿದ್ದ ಅಜ್ಜನಿಗೆ ಗುದ್ದಿದ. ಕೈಮೂಳೆ ಮುರಿದು ಪ್ಲೇಟ್ ಹಾಕಬೇಕಾಯಿತು. ಮಗನಿಗೆ ಗದ್ದಕ್ಕೆ ಏಳು ಹೊಲಿಗೆ. ಹೆಲ್ಮೆಟ್ ಇರಲಿಲ್ಲ, ಸೈಕಲ್ಲಿಗೆ ಯಾರು ಹಾಕುತ್ತಾರೆ? ಆಸ್ಪತ್ರೆಯಲ್ಲಿ ಅಜ್ಜ ಅಂದದ್ದು ಒಂದೇ ಮಾತು: “ಸೈಕಲ್ ಬರಾಕತ್ತೈತಿ ಅಂತ ತಿಳದು ದಾಟಿದೆ ತಮ್ಮಾ.” ಅವರು ಲೆಕ್ಕ ಹಾಕಿದ್ದು ಸೈಕಲ್ಲಿನ ವೇಗ. ಬಂದದ್ದು ಬೈಕಿನ ವೇಗ, ಅದೂ ಸದ್ದಿಲ್ಲದೆ. ಇನ್ನೊಂದು ಮಾತು ಆಮೇಲೆ ಹೊಳೆಯಿತು. ವೇಗ 25ರಿಂದ 41ಕ್ಕೆ ಏರಿದರೆ ಬ್ರೇಕು ತಡೆಯಬೇಕಾದ ಹೊಡೆತ ಎರಡೂವರೆ ಪಟ್ಟಿಗೂ ಜಾಸ್ತಿ. ಅಲ್ಲಿದ್ದದ್ದು ಮಾಮೂಲಿ ಸೈಕಲ್ಲಿನ ರಬ್ಬರ್ ಬ್ರೇಕು.

ಠಾಣೆಯಲ್ಲಿ ನಾನು ಸಲೀಸಾಗಿ ಹೇಳಿದೆ: ಇದು ಸೈಕಲ್ ಸರ, 250 ವ್ಯಾಟ್, ಸ್ಟಿಕ್ಕರ್ ನೋಡಿ. ಆರ್‌ಟಿಓ ಇನ್ಸ್‌ಪೆಕ್ಟರ್ ಬಂದು ನೋಡಿದರು. ಸ್ಟಿಕ್ಕರ್ ಕಡೆ ಅವರು ತಿರುಗಲೂ ಇಲ್ಲ. ಕಂಟ್ರೋಲರ್ ತೆಗೆಸಿದರು. ಅದರ ಮೇಲೆ 48 ವೋಲ್ಟ್, 18 ಆಂಪಿಯರ್ ಅಂತಿತ್ತು. “ಗುಣಿಸಿ” ಅಂದರು. 864 ವ್ಯಾಟ್. ಇದು ಮೂವತ್ತು ನಿಮಿಷದ ಶಕ್ತಿ ಅಲ್ಲ, ಒಮ್ಮೆಗೆ ಎಳೆಯಬಹುದಾದದ್ದು ಅಂತ ಅವರೇ ಬಿಡಿಸಿ ಹೇಳಿದರು. ಆದರೂ ಅನುಮಾನಕ್ಕೆ ಅಷ್ಟು ಸಾಕು. ಆಮೇಲೆ ಓಡಿಸಿ ನೋಡಿದರು. ಕೊನೆಗೆ ಪರೀಕ್ಷಾ ಸಂಸ್ಥೆಯ ಸರ್ಟಿಫಿಕೇಟ್ ಕೇಳಿದರು. ನನ್ನ ಬಳಿ ಇದ್ದದ್ದು ಒಂದು ಬಿಲ್ಲು. ಅದರಲ್ಲಿ ಮಾಡೆಲ್ ನಂಬರೂ ಇಲ್ಲ, ಸುಮ್ನೆ ‘ಇ-ಸೈಕಲ್ 1’ ಅಂತ ಬರೆದಿದ್ದರು.

ಅಲ್ಲಿಗೆ ಅದು ಗಾಡಿಯಾಯಿತು. ಲೈಸನ್ಸ್ ಇಲ್ಲದೆ ಓಡಿಸಿದ್ದಕ್ಕೆ ಕಾಯ್ದೆಯಲ್ಲಿ 5,000 ದಂಡ. ಇನ್ಶೂರೆನ್ಸ್ ಇಲ್ಲದ್ದಕ್ಕೆ 2,000. ನೋಂದಣಿ ಇಲ್ಲದ್ದಕ್ಕೆ ಬೇರೆ. ಇವೆಲ್ಲ ಚಿಲ್ಲರೆ. 2019ರ ತಿದ್ದುಪಡಿಯಲ್ಲಿ ಬಂದ ಕಲಂ 199ಎ ಓದಿದಾಗ ಬೆವರಿದೆ. ಅಪ್ರಾಪ್ತ ಮಕ್ಕಳು ಗಾಡಿ ಓಡಿಸಿ ಅಪರಾಧ ಮಾಡಿದರೆ ತಂದೆ-ತಾಯಿ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ದಂಡ. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸನ್ಸ್ ಇಲ್ಲ. ‘ನನಗೆ ಗೊತ್ತಿಲ್ಲದೆ ಆಯಿತು’ ಅಂತ ಸಾಬೀತು ಮಾಡಿದರೆ ತಪ್ಪಿಸಿಕೊಳ್ಳಬಹುದು. ನಾನು ಹೇಗೆ ಮಾಡಲಿ, ನನ್ನದೇ ದನಿ ರೆಕಾರ್ಡ್ ಆಗಿ ಕೂತಿದೆ. ನ್ಯಾಯಾಲಯದಲ್ಲಿ ಒಪ್ಪಿಕೊಂಡು 25 ಸಾವಿರ ಕಟ್ಟಿದೆ. ಇನ್ಶೂರೆನ್ಸ್ ಕಂಪನಿ ಅಂತ ಯಾರೂ ಇಲ್ಲದ್ದರಿಂದ ಅಜ್ಜನ ಆಸ್ಪತ್ರೆ ಖರ್ಚು ಪೂರ್ತಿ ನನ್ನ ಮೇಲೆ. ಈವರೆಗೆ 82 ಸಾವಿರ ಆಗಿದೆ. ಅವರ ಮನೆಯವರು ಒಳ್ಳೆಯವರು, ಅದಕ್ಕೇ ಇಷ್ಟಕ್ಕೆ ನಿಂತಿದೆ.

ಈಗಲಾದರೂ ಪಾಸಿಂಗ್ ಮಾಡಿಸೋಣ ಅಂದೆ. ಆಗುವುದಿಲ್ಲ. ಆ ಮಾಡೆಲ್ಲನ್ನು ಮೋಟಾರು ವಾಹನ ಅಂತ ಯಾರೂ ಪರೀಕ್ಷೆಗೆ ಕೊಟ್ಟೇ ಇಲ್ಲ. ಸೈಕಲ್ಲಾಗಿಯೂ ಓಡಿಸುವಂತಿಲ್ಲ, ಗಾಡಿಯಾಗಿಯೂ ಓಡಿಸುವಂತಿಲ್ಲ.

ಹಾಗಾಗಿ ಕೊಳ್ಳುವ ಮೊದಲು ಪರೀಕ್ಷಾ ಸಂಸ್ಥೆಯ ಸರ್ಟಿಫಿಕೇಟಿನ ಪ್ರತಿ ಕೇಳಿ. ಅದರಲ್ಲಿರುವ ಮಾಡೆಲ್ ಹೆಸರು, ಬಿಲ್ಲಿನಲ್ಲಿರುವುದು, ಸೈಕಲ್ ಮೇಲಿರುವುದು ಮೂರೂ ಒಂದೇ ಇರಬೇಕು. ಬಿಲ್ಲಿನಲ್ಲಿ ವ್ಯಾಟ್, ವೇಗ, ಫ್ರೇಮ್ ನಂಬರ್ ಬರೆಸಿ. ಅಂಗಳದಲ್ಲಿ ಓಡಿಸಿ ನೋಡಿ, 25ರ ಹತ್ತಿರ ಮೋಟಾರು ನಿಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ. ‘ಸ್ಪೀಡ್ ಲಾಕ್ ತೆಗೆದು ಕೊಡ್ತೀವಿ’ ಅನ್ನುವ ಅಂಗಡಿಗೆ ಮತ್ತೆ ಹೋಗಬೇಡಿ. ಮನೆಯಲ್ಲಿ ಆಗಲೇ ಇದ್ದರೆ ಇವತ್ತೇ ಮಗನ ಹಿಂದೆ ಸ್ಕೂಟರ್‌ನಲ್ಲಿ ಹೋಗಿ ನಿಮ್ಮ ಮೀಟರ್ ನೋಡಿ. ಹೆಲ್ಮೆಟ್ಟನ್ನಂತೂ ಕಾನೂನು ಕೇಳಲಿ ಬಿಡಲಿ, ಹಾಕಿಸಿ.

ಅಂಗಡಿಯವರಿಗೆ ಫೋನ್ ಮಾಡಿದೆ. “ನೀವ ಕೇಳಿದ್ರಲ್ರೀ ಸರ, ಮೆಸೇಜ್ ಐತಿ ನನ್ನ ಹತ್ರ” ಅಂದರು. ಆಮೇಲೆ ಫೋನ್ ಎತ್ತಲಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಮಾತಾಡಿ, ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. ಎರಡು ವರ್ಷದೊಳಗೆ ಕೊಡಬೇಕು, ಐದು ಲಕ್ಷದೊಳಗಿನದಕ್ಕೆ ಶುಲ್ಕ ಇಲ್ಲ. ಸರ್ಟಿಫಿಕೇಟ್ ಇಲ್ಲದ್ದನ್ನು ಸೈಕಲ್ ಅಂತ ಮಾರಿದ್ದು ಅವರ ತಪ್ಪು, ವಾಯರ್ ಬಿಚ್ಚಿಸಿದ್ದು ನನ್ನದು ಅಂತ ದೂರಿನಲ್ಲೇ ಬರೆದಿದ್ದೇನೆ. ವಕೀಲರು ಮೊದಲು ಕೇಳಿದ್ದು ಆ ವಾಯ್ಸ್ ಮೆಸೇಜ್ ನನ್ನ ಫೋನಿನಲ್ಲೂ ಇನ್ನೂ ಇದೆಯಾ ಅಂತ. ಇದೆ, ಅಳಿಸಿಲ್ಲ.