ಮಣ್ಣಿಲ್ಲದ ಟೊಮೆಟೊ: ದುಡ್ಡು ಕೊಡುವ ಮೊದಲು ಬೋರ್ ನೀರು ಪರೀಕ್ಷೆ ಮಾಡಿಸಿ

ಮಾಳಿಗೆ ಮೇಲೆ ಮಣ್ಣಿಲ್ಲದೆ ಟೊಮೆಟೊ ಬೆಳೆಯುವ ಸೆಟ್ ಮಾರಲು ಯಾರಾದರೂ ಬಂದರೆ, ನಿಮ್ಮ ಮನೆಯ ನೀರಿನ ಬಗ್ಗೆ ಕೇಳುತ್ತಾರೋ ಇಲ್ಲವೋ ನೋಡಿ. ಕೇಳದಿದ್ದರೆ ಚಹಾ ಕುಡಿಸಿ ಕಳಿಸಿಬಿಡಿ. ವಿಜಯಪುರದ ನಮ್ಮ ಮನೆಗೆ ಬಂದವರು ಮಾಳಿಗೆ ಎಷ್ಟು ಅಗಲ, ಬಿಸಿಲು ಎಷ್ಟೊತ್ತು ಬೀಳುತ್ತದೆ, ದುಡ್ಡು ಹೇಗೆ ಕೊಡುತ್ತೀರಿ ಎಂದೆಲ್ಲ ಕೇಳಿದರು. ನೀರಿನ ಮಾತೇ ಎತ್ತಲಿಲ್ಲ. 85 ಸಾವಿರ ತೆಗೆದುಕೊಂಡು ಪೈಪು, ಪಂಪು, ಟಾಕಿ, ಗೊಬ್ಬರದ ಎರಡು ಕ್ಯಾನು, ಒಂದು ಮೀಟರ್ ಕೊಟ್ಟು ಹೋದರು. ಗಿಡವನ್ನು ಪೈಪಿನಲ್ಲಿ ಕೂಡಿಸಿ, ಟಾಕಿಯಲ್ಲಿ ಗೊಬ್ಬರ ಕಲಸಿದ ನೀರನ್ನು ಪಂಪಿನಿಂದ ಬೇರಿಗೆ ಹರಿಸುವುದು, ಇಷ್ಟೇ ಈ ಪದ್ಧತಿ.

ಎಡವಟ್ಟು ಶುರುವಾಗಿದ್ದು ಆ ಮೀಟರಿನಿಂದ. ನೀರಿನಲ್ಲಿ ಕರಗಿದ ಲವಣ ಹೆಚ್ಚಾದಷ್ಟೂ ಅದರಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತದೆ. ಮೀಟರ್ ಅಳೆಯುವುದು ಇಷ್ಟನ್ನೇ, ಇದಕ್ಕೆ ಇಸಿ ಅನ್ನುತ್ತಾರೆ (ಇಲ್ಲಿನ ಅಂಕಿಗಳೆಲ್ಲ ಸೆಂಟಿಮೀಟರಿಗೆ ಮಿಲಿಸೀಮೆನ್ಸ್ ಲೆಕ್ಕ). ಕಾಯಿ ಬಿಡುವ ಟೊಮೆಟೊಗೆ ಸಾಮಾನ್ಯವಾಗಿ 2ರಿಂದ 3.5ರವರೆಗೆ ಇಸಿ ಇಡುತ್ತಾರೆ. "ಮೀಟರ್ 2.5 ತೋರಿಸುವ ತನಕ ಗೊಬ್ಬರ ಹಾಕಿ, ಅಲ್ಲಿಗೆ ನಿಲ್ಲಿಸಿ ಸರ್" ಎಂದಿದ್ದರು. ನಮ್ಮ ಬೋರ್ ನೀರು ಏನೂ ಹಾಕದೆಯೇ 2.1 ತೋರಿಸುತ್ತದೆ! ಅದೆಲ್ಲ ಸುಣ್ಣ, ಸೋಡಿಯಂ, ಕ್ಲೋರೈಡು. ಅಡುಗೆ ಉಪ್ಪು ಯಾವುದು, ಪೊಟ್ಯಾಷ್ ಯಾವುದು ಎಂಬುದು ಮೀಟರಿಗೆ ಗೊತ್ತಾಗುವುದಿಲ್ಲ. 2.5 ಬಂತು ಎಂದು ನಾವು ನಿಲ್ಲಿಸಿದಾಗ ಗಿಡದ ಪಾಲಿಗೆ ಬಂದಿದ್ದು 0.4ರಷ್ಟು ಗೊಬ್ಬರ ಮಾತ್ರ.

ಗಿಡ ಸೊರಗಿತು. ಫೋನ್ ಮಾಡಿದರೆ "ಡೋಸ್ ಜಾಸ್ತಿ ಮಾಡುತ್ತಾ ಹೋಗಿ" ಎಂದರು. ಇಸಿ 4 ದಾಟಿತು. ಎಲೆಯ ಅಂಚು ಸುಟ್ಟಿತು, ಕಾಯಿಯ ತಳ ಕಪ್ಪಾಗಿ ಒಳಕ್ಕೆ ಕುಸಿಯಿತು. ಅದು ವೈರಸ್ಸು ಎಂದು ಹೇಳಿ ಇನ್ನೊಂದು ಬಾಟಲಿ ಔಷಧಿ ಮಾರಿದರು ನೋಡಿ, ಅದಕ್ಕೇ ನನಗೆ ಸಿಟ್ಟು ಜಾಸ್ತಿ. ತಳ ಕಪ್ಪಾಗುವುದು ವೈರಸ್ಸಿನಿಂದ ಅಲ್ಲ. ಕಾಯಿಗೆ ಕ್ಯಾಲ್ಸಿಯಂ ತಲುಪದಿದ್ದರೆ ಹಾಗಾಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದ್ದರೂ, ಲವಣ ಹೆಚ್ಚಾದರೆ ಬೇರಿಗೆ ನೀರು ಎಳೆಯಲು ಆಗುವುದಿಲ್ಲ. ಕ್ಯಾಲ್ಸಿಯಂ ಆ ನೀರಿನ ಜೊತೆಗೇ ಮೇಲೆ ಹೋಗಬೇಕು.

ಇನ್ನೊಂದು ಕಾಟ ಪಿಹೆಚ್, ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ. ಟೊಮೆಟೊಗೆ 5.5ರಿಂದ 6.5ರೊಳಗೆ ಇರಬೇಕು. ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಇರುವುದರಿಂದ ಸಂಜೆ ಆಸಿಡ್ ಹಾಕಿ ಇಳಿಸಿದರೆ ಬೆಳಿಗ್ಗೆ ಮತ್ತೆ 7ರ ಮೇಲೆ ಹತ್ತಿರುತ್ತದೆ. ಆಗ ಕಬ್ಬಿಣದ ಅಂಶ ಗಿಡಕ್ಕೆ ಸರಿಯಾಗಿ ಸಿಗದೆ ಚಿಗುರೆಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಸೆಟ್ ಕೂಡಿಸಲು ಬಂದ ಹುಡುಗನೋ, ಎರಡೂ ಕ್ಯಾನಿನ ಗೊಬ್ಬರವನ್ನು ಒಂದೇ ಬಕೆಟ್ಟಿಗೆ ಸುರಿದು ಕಲಕಿದ. ತಳದಲ್ಲಿ ಬೆಳ್ಳಗೆ ಗಸಿ ಕೂತಿತು. ಒಂದರಲ್ಲಿ ಕ್ಯಾಲ್ಸಿಯಂ ನೈಟ್ರೇಟ್, ಇನ್ನೊಂದರಲ್ಲಿ ಸಲ್ಫೇಟ್, ಫಾಸ್ಫೇಟ್ ಇರುತ್ತವೆ. ನೀರು ಬೆರೆಸದೆ ಕೂಡಿಸಿದರೆ ಗಟ್ಟಿಯಾಗಿ ಕೆಳಗೆ ಕೂರುತ್ತವೆ, ಗಿಡಕ್ಕೆ ದಕ್ಕುವುದಿಲ್ಲ. ತುಂಬಿದ ಟಾಕಿಗೆ ಮೊದಲು ಒಂದನ್ನು ಹಾಕಿ ಚೆನ್ನಾಗಿ ಕಲಕಿ, ಆಮೇಲೆ ಇನ್ನೊಂದನ್ನು ಹಾಕಬೇಕು. ಕಲಿಸಲು ಬಂದವನಿಗೇ ಇದು ಗೊತ್ತಿರಲಿಲ್ಲ.

ಬೇಸಿಗೆ ಬಗ್ಗೆ ಏನು ಹೇಳಲಿ, ನಮ್ಮ ಊರಿನ ಏಪ್ರಿಲ್ ಬಿಸಿಲು ಗೊತ್ತೇ ಇದೆ. ಮಾಳಿಗೆ ಮೇಲಿನ ಕರಿ ಟಾಕಿಯ ನೀರು ಮಧ್ಯಾಹ್ನ ಕೈ ಇಟ್ಟರೆ ಸ್ನಾನದ ನೀರಿನಂತೆ ಇರುತ್ತಿತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಬೇರು ಕಂದಾಗಿ, ಲೋಳೆ ಹಿಡಿದು, ನಾರತೊಡಗಿತು. ಅದರ ಮೇಲೆ ಕರೆಂಟ್ ಹೋದರೆ ಪಂಪು ಬಂದ್. ಪೈಪಿನಲ್ಲಿ ಮಣ್ಣು ಇಲ್ಲವಲ್ಲ, ತೇವ ಹಿಡಿದಿಡುವುದಕ್ಕೆ ಏನೂ ಇರುವುದಿಲ್ಲ.

ಬೆಳೆದದ್ದನ್ನೆಲ್ಲ ನಾವೇ ಕೊಳ್ಳುತ್ತೇವೆ ಎಂಬ ಮಾತೂ ಇತ್ತು, ಬಾಯಿ ಮಾತಿನಲ್ಲಿ. ಈಗ ಫೋನ್ ಎತ್ತುವುದಿಲ್ಲ.

ಪಕ್ಕದ ಮನೆಯ ಕಾಕಾ ಹೊಲ ಮಾಡುವವರು. ಇದನ್ನೆಲ್ಲ ನೋಡಿ ಅವರು ಕೇಳಿದ್ದು ಒಂದೇ: "ತಮ್ಮಾ, ಅವರು ನೀರ್ ನೋಡಿದ್ರೇನು?"

ನೀವು ಮಾಡುವುದಾದರೆ ಬೋರ್ ಮೋಟರ್ ಸ್ವಲ್ಪ ಹೊತ್ತು ಓಡಿಸಿ, ಅದೇ ನೀರಿನಲ್ಲಿ ತೊಳೆದ ಬಾಟಲಿಯಲ್ಲಿ ಒಂದು ಲೀಟರ್ ಹಿಡಿಯಿರಿ. ಎಲ್ಲಿ ಪರೀಕ್ಷೆ ಮಾಡಿಸಬೇಕೆಂದು ವಿಜಯಪುರದ ಹತ್ತಿರದ ಹಿಟ್ನಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಇಸಿ, ಪಿಹೆಚ್ ಜೊತೆಗೆ ಬೈಕಾರ್ಬೊನೇಟ್, ಸೋಡಿಯಂ, ಕ್ಲೋರೈಡ್ ಕೂಡ ಬೇಕು ಎಂದು ಬರೆದುಕೊಡಿ. ಇಸಿ 1ರ ಒಳಗಿದ್ದರೆ ಮುಂದಿನ ಮಾತು. ನಮ್ಮದರಂತೆ 2 ದಾಟಿದ್ದರೆ ಮಳೆ ನೀರು ಹಿಡಿದಿಡಬೇಕು, ಇಲ್ಲವೇ ಆರ್‌ಒ ಹಾಕಿಸಬೇಕು. ಸಣ್ಣ ಆರ್‌ಒ ಎಷ್ಟು ನೀರು ಹೊರಗೆ ಚೆಲ್ಲುತ್ತದೆ ಎಂಬುದನ್ನೂ ಲೆಕ್ಕ ಹಾಕಿ. ಆಮೇಲೆ ಆ ವರದಿಯನ್ನು ಮಾರುವವರ ಕೈಗೆ ಕೊಟ್ಟು, ಈ ನೀರಿಗೆ ಎಷ್ಟು ಗೊಬ್ಬರ, ಎಷ್ಟು ಆಸಿಡ್ ಎಂದು ಸಹಿ ಹಾಕಿ ಬರೆದುಕೊಡಲು ಹೇಳಿ.